ತೆರೆಗೆ ಬಾರದ ಚಂದ್ರಲಾಲ್



ಕರಿಗಿರಿಯೆಂದು ಸ್ಥಳಪುರಾಣದಲ್ಲಿಯೂ ಆನೆಬಿದ್ದಸರಿಯೆಂದು ಹಿಂದಿನವರ ಬಾಯಲ್ಲಿಯೂ ಪ್ರಸಿದ್ಧವಾಗಿದ್ದು, ಜಡಕನೆಂಬ ಕಳ್ಳರ ನಾಯಕನ ಕಾಲಕ್ಕೆ ಜಡಕನದುರ್ಗವೆನಿಸಿ, ಕಡೆಗೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈವಶವಾದ ಮೇಲೆ ದೇವರಾಯನದುರ್ಗವೆಂಬ ಹೆಸರಿನಲ್ಲಿ ನೆಲೆನಿಂತ ಈ ಬೆಟ್ಟದಲ್ಲಿ, ಕೆಳಗಿನ ಭೋಗನರಸಿಂಹನಿಗೂ ಮೇಲಿನ ಯೋಗನರಸಿಂಹನಿಗೂ ನಡುವೆ ಕುಳಿತು, ಯೂರೋಪಿನ ಒಂದು ಗೂಢಚಾರ ಕಾದಂಬರಿಯನ್ನೂ ಅದು ಚಲಚ್ಚಿತ್ರವಾದ ಬಗೆಯನ್ನೂ ಕುರಿತು ಮಾತನಾಡುವುದು ಕೆಲವರಿಗೆ ಅಸ್ಥಾನದ ಪ್ರಸಂಗವೆಂದು ತೋರಬಹುದು. ನನಗೆ ಹಾಗೆ ತೋರಲಿಲ್ಲ. ಕೋಟೆಯನ್ನು ಗೆಲ್ಲುವ ಉಪಾಯಗಳಲ್ಲಿ ಫಿರಂಗಿ ಏಣಿಗಳಿಗಿಂತ ಮೊದಲು ಬರುವುದು ಗೂಢಪುರುಷನ ಬುದ್ಧಿಯೆಂದು ವಿಶದವಾಗಿ ಬೋಧಿಸಿದ ಗ್ರಂಥವೊಂದು ಶತಮಾನಗಳ ಕಾಲ ಕಣ್ಮರೆಯಾಗಿದ್ದು ಮೈಸೂರಿನಲ್ಲಿಯೇ ಮತ್ತೆ ಬೆಳಕಿಗೆ ಬಂದಿತೆಂಬುದನ್ನು ನಾವು ಮರೆಯತಕ್ಕುದಲ್ಲ. ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅಚ್ಚು ಮಾಡಿಸಿದರು.

ಆ ಗ್ರಂಥದ 13ನೆಯ ಅಧಿಕರಣಕ್ಕೆ ದುರ್ಗಲಂಭೋಪಾಯವೆಂದು ಹೆಸರು. ಶತ್ರುವಿನ ಪಕ್ಷದವರನ್ನು ಒಳಗೊಳಗೇ ಒಡೆಯುವ ಉಪಜಾಪವು ಅದರಲ್ಲಿ ಮೊದಲನೆಯದು. ಶತ್ರುವನ್ನೇ ಯಾವುದಾದರೊಂದು ನೆವದಿಂದ ಸುರಕ್ಷಿತವಾದ ನೆಲೆಯಿಂದ ಹೊರಕ್ಕೆ ಬರಮಾಡಿಕೊಂಡು ಹಿಡಿಯುವ ಯೋಗವಾಮನವು ಎರಡನೆಯದು. ಪರ್ವತದ ಗುಹೆಯಲ್ಲಿ ವಾಸಮಾಡುತ್ತ ತನಗೆ 400 ವರ್ಷ ವಯಸ್ಸಾಯಿತೆಂದು ಹೇಳಿಕೊಳ್ಳುವ ಕಪಟತಾಪಸನೊಬ್ಬನು ರಾಜನನ್ನು ನಂಬಿಸಿ ಹೊರಕ್ಕೆ ಸೆಳೆಯುವ ಉದಾಹರಣೆಯಿಂದಲೇ ಆ ಪ್ರಕರಣವು ಆರಂಭವಾಗುತ್ತದೆ. ಮನುಷ್ಯನು ಯಾವುದನ್ನು ನಂಬುವನೋ, ಯಾವುದನ್ನು ಪ್ರೀತಿಸುವನೋ, ಅದನ್ನೇ ಅವನಿಗೆ ಗಾಳವಾಗಿ ಒಡ್ಡಬೇಕೆಂಬುದು ಆಚಾರ್ಯನ ಅಭಿಮತ. ಈ ಯೋಗವಾಮನವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಇಂದಿನ ವಿಷಯದ ತಿರುಳು ಅಲ್ಲಿಯೇ ಇದೆ.

ಶಾಮಶಾಸ್ತ್ರಿಗಳ ಅನುವಾದವು ಹೊರಬಂದ 1915ರಲ್ಲಿಯೇ ಇಂಗ್ಲೆಂಡಿನಲ್ಲಿ ಜಾನ್ ಬಕನ್ ಅವರ ‘ದಿ ಥರ್ಟಿನೈನ್ ಸ್ಟೆಪ್ಸ್’ ಪ್ರಕಟವಾಯಿತು. ಅದಕ್ಕೆ ಮೊದಲು 1903ರಲ್ಲಿ ಅರ್ಸ್ಕಿನ್ ಚಿಲ್ಡರ್ಸ್ ಅವರ ‘ದಿ ರಿಡಲ್ ಆಫ್ ದಿ ಸ್ಯಾಂಡ್ಸ್’, 1907ರಲ್ಲಿ ಜೋಸೆಫ್ ಕಾನ್ರಾಡ್ ಅವರ ‘ದಿ ಸೀಕ್ರೆಟ್ ಏಜೆಂಟ್’ ಬಂದಿದ್ದುವು. ಇವೆಲ್ಲವುಗಳಿಗಿಂತ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದಿರುವುದು ಸಾಮರ್ಸೆಟ್ ಮಾಮ್ ಅವರು 1928ರಲ್ಲಿ ಪ್ರಕಟಿಸಿದ ‘ಆಶೆಂಡೆನ್’. ಎರಡು ಮಹಾಯುದ್ಧಗಳ ನಡುವಣ ಈ ಪುಸ್ತಕವನ್ನು ಕಥಾಮಾಲಿಕೆಯೆಂದರೂ ಸರಿ, ಬಿಡಿಬಿಡಿಯಾಗಿ ಹೆಣೆದ ಕಾದಂಬರಿಯೆಂದರೂ ಸರಿ. ಇಂಗ್ಲಿಷ್ ಗೂಢಚಾರ ಸಾಹಿತ್ಯದಲ್ಲಿ, ಸ್ವತಃ ಆ ವೃತ್ತಿಯನ್ನು ಮಾಡಿದವನೊಬ್ಬನು ಅದರ ಬೇಸರವನ್ನೂ ಕೊಳಕನ್ನೂ ಮರೆಮಾಚದೆ ಬರೆದ ಮೊದಲ ಗಣ್ಯ ಕೃತಿ ಅದು.

ಮಾಮ್ ಅವರು ವೈದ್ಯವಿದ್ಯೆಯನ್ನು ಕಲಿತು, ಅದನ್ನು ಬಿಟ್ಟು ನಾಟಕಕಾರರಾಗಿ ಕೀರ್ತಿ ಗಳಿಸಿದವರು. ಮೊದಲ ಮಹಾಯುದ್ಧದಲ್ಲಿ ಅವರನ್ನು ಬ್ರಿಟಿಷ್ ಬೇಹಿನ ಇಲಾಖೆಗೆ ಸೇರಿಸಿಕೊಂಡವರು ಜಾನ್ ವಾಲಿಂಜರ್ ಎಂಬ ಅಧಿಕಾರಿ. ಜಿನೀವಾದಲ್ಲಿ ಕುಳಿತು ನಾಟಕ ಬರೆಯುವವರಂತೆ ತೋರಿಸಿಕೊಳ್ಳುತ್ತ — ಅಲ್ಲಿ ಅವರು ನಿಜವಾಗಿಯೂ ನಾಟಕ ಬರೆಯುತ್ತಲೂ ಇದ್ದರು — ಸುದ್ದಿ ಸಂಗ್ರಹಿಸುವುದೂ ಹಣ ಹಂಚುವುದೂ ಅವರ ಕೆಲಸವಾಗಿತ್ತು. ಈ ವಾಲಿಂಜರ್ ಯಾರು? ಮುಂಬಯಿ ಪೊಲೀಸಿನಲ್ಲಿ ಪಳಗಿ, ಯೂರೋಪಿನಲ್ಲಿದ್ದ ಭಾರತೀಯ ಕ್ರಾಂತಿಕಾರರ ಮೇಲೆ ಕಣ್ಣಿಡುವುದಕ್ಕೆಂದೇ ಲಂಡನ್ನಿಗೆ ಕಳುಹಿಸಲ್ಪಟ್ಟವರು. ಎಂದರೆ, ಆಧುನಿಕ ಗೂಢಚಾರ ಕಥೆಯ ಮೂಲಪುರುಷನೆಂದು ವಿಮರ್ಶಕರು ಕೊಂಡಾಡುವ, ಈ ಪುಸ್ತಕದ ನಾಯಕನಾದ ಆಶೆಂಡೆನ್ ಯಾವ ಯಜಮಾನನ ಕೈಕೆಳಗೆ ದುಡಿದನೋ, ಆ ಯಜಮಾನನ ಕಚೇರಿಯು ಹುಟ್ಟಿದುದೇ ನಮ್ಮ ದೇಶದ ಸ್ವಾತಂತ್ರ್ಯಾಕಾಂಕ್ಷೆಯನ್ನು ಹೊಸಕುವುದಕ್ಕಾಗಿ. ಪುಸ್ತಕದಲ್ಲಿ ಕೇವಲ ‘ಆರ್’ ಎಂಬ ಒಂದಕ್ಷರದ ಹೆಸರಿನಿಂದ ಬರುವ ಕರ್ನಲ್ ಪಾತ್ರಕ್ಕೆ ಈ ವಾಲಿಂಜರರೇ ಮಾದರಿ.

ಅದೇ ವರ್ಷಗಳಲ್ಲಿ ಮೈಸೂರು ಸಂಸ್ಥಾನದ ಅಶ್ವದಳವು ಸುಯೆಜ್ ಕಾಲುವೆಯನ್ನು ಕಾದು, 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಜೋಧಪುರದ ಸವಾರರೊಡನೆ ಗೆದ್ದುಕೊಂಡಿತು. ಸಾಮ್ರಾಜ್ಯದ ಪರವಾಗಿ ನಮ್ಮವರು ಪ್ರಾಣ ಕೊಟ್ಟ ಕಥೆಗೆ ಬೆಂಗಳೂರಿನಲ್ಲಿ ಸ್ಮಾರಕವಿದೆ. ಸಾಮ್ರಾಜ್ಯಕ್ಕೆ ಎದುರಾಗಿ ನಿಂತು ಪರದೇಶದ ಚಳಿಯಲ್ಲಿ ಕರಗಿಹೋದವರ ಕಥೆ ಎಲ್ಲಿದೆಯೆಂದು ಹುಡುಕುವವನಿಗೆ, ವಿಚಿತ್ರವೆಂಬಂತೆ, ಶತ್ರುಪಕ್ಷದ ಗೂಢಚಾರನೊಬ್ಬನು ಬರೆದ ಈ ಪುಸ್ತಕದಲ್ಲಿಯೇ ಒಂದು ಜಾಡು ಸಿಕ್ಕುತ್ತದೆ.

ಆ ಜಾಡಿರುವ ಕಥೆಯ ಹೆಸರು ‘ಜೂಲಿಯಾ ಲಾಜಾರಿ’. ಅದರಲ್ಲಿ ಬರುವ ಚಂದ್ರಲಾಲ್ ವೃತ್ತಿಯಿಂದ ವಕೀಲ. ಇಂಗ್ಲಿಷರ ಆಳ್ವಿಕೆಯನ್ನು ಹೃತ್ಪೂರ್ವಕವಾಗಿ ದ್ವೇಷಿಸುವ ಭಾರತೀಯ. ಯುದ್ಧಕಾಲದಲ್ಲಿ ಬರ್ಲಿನ್ನಿನಲ್ಲಿದ್ದುಕೊಂಡು, ಜರ್ಮನರ ನೆರವಿನಿಂದ ಭಾರತದಲ್ಲಿ ದಂಗೆಯೆಬ್ಬಿಸಲು ಶ್ರಮಿಸುತ್ತಿರುತ್ತಾನೆ. ಹಣಕ್ಕೆ ಬಗ್ಗುವವನಲ್ಲ, ಬೆದರಿಕೆಗೆ ಅಂಜುವವನಲ್ಲ. ತಟಸ್ಥ ರಾಷ್ಟ್ರವಾದ ಸ್ವಿಟ್ಜರ್ಲೆಂಡಿಗೆ ಬಂದರೂ ಅದರ ಗಡಿಯೊಳಗಿರುವವರೆಗೆ ಅವನ ಮೈಮುಟ್ಟುವಂತೆಯೂ ಇಲ್ಲ. ಆದರೆ ಅವನು ಜೂಲಿಯಾ ಎಂಬ ನರ್ತಕಿಯನ್ನು ಪ್ರೀತಿಸಿದ್ದಾನೆ. ಆಕೆ ಇಟಲಿಯ ಹೆಣ್ಣು, ಊರಿಂದೂರಿಗೆ ಅಲೆದು ಅಗ್ಗದ ರಂಗಗಳ ಮೇಲೆ ಕುಣಿದು ಬದುಕುವವಳು, ಯೌವನ ಜಾರುತ್ತಿರುವವಳು. ಆಕೆಯನ್ನು ಇಂಗ್ಲೆಂಡಿನಲ್ಲಿ ಹಿಡಿದು, ದೀರ್ಘಕಾಲದ ಸೆರೆವಾಸವನ್ನು ತೋರಿಸಿ ಬೆದರಿಸಿ, ಜಿನೀವಾ ಸರೋವರದ ಫ್ರೆಂಚ್ ದಡದಲ್ಲಿರುವ ತೊನೋಂ ಎಂಬ ಊರಿಗೆ ತಂದಿರಿಸುತ್ತಾರೆ. ಎದುರು ದಡದ ಲೋಜಾನಿನಲ್ಲಿ ಚಂದ್ರಲಾಲ್ ಕಾಯುತ್ತಿದ್ದಾನೆ. ನೀರನ್ನು ದಾಟಿ ಈಚೆ ದಡಕ್ಕೆ ಬಂದರೆ ಅವನು ಫ್ರೆಂಚರ ಕೈಗೆ ಸಿಕ್ಕಿದಂತೆಯೇ. ಅವನನ್ನು ಬರಮಾಡಿಕೊಳ್ಳುವ ಪ್ರೇಮಪತ್ರಗಳನ್ನು ಆಕೆಯ ಕೈಯಿಂದ ಬರೆಯಿಸುವ ಕೆಲಸ ಆಶೆಂಡೆನ್ನನದು.

ಕೌಟಿಲ್ಯನ ಯೋಗವಾಮನವು ಇದಕ್ಕಿಂತ ಶುದ್ಧವಾದ ರೂಪದಲ್ಲಿ ಆಧುನಿಕ ಸಾಹಿತ್ಯದಲ್ಲಿ ಬಂದುದನ್ನು ನಾನು ಕಾಣೆ. ಚಂದ್ರಲಾಲ್ ಒಂದು ಸಲ ಬರಲೊಪ್ಪುವುದಿಲ್ಲ, ಇನ್ನೊಂದು ಸಲ ಆಕೆಯೇ ಬರಲೆಂದು ಬೇಡುತ್ತಾನೆ, ತರ್ಕವೆಲ್ಲ ಬೇಡವೆಂದರೂ ಹೃದಯವು ಎಳೆಯುತ್ತದೆ. ಕಡೆಗೆ ಹಡಗನ್ನು ಹತ್ತುತ್ತಾನೆ. ದಡದಲ್ಲಿ ಪೊಲೀಸರು ಕೈ ಹಿಡಿದೊಡನೆ ತನ್ನೊಡನೆ ತಂದಿದ್ದ ವಿಷವನ್ನು ಕುಡಿದು ಪ್ರಾಣ ಬಿಡುತ್ತಾನೆ. ಅವನ ಶವವನ್ನು ಕಂಡು ಬಂದ ಮೇಲೆ ಜೂಲಿಯಾ ಕೇಳುವುದು ಒಂದೇ ಮಾತು: ಕ್ರಿಸ್ಮಸಿಗೆ ತಾನು ಅವನಿಗೆ ಕೊಟ್ಟಿದ್ದ, 12 ಪೌಂಡು ಬೆಲೆಯ ಕೈಗಡಿಯಾರವನ್ನು ತನಗೆ ಹಿಂದಿರುಗಿಸುವರೆ? ಕಥೆಯು ಅಲ್ಲಿಗೆ ನಿಲ್ಲುತ್ತದೆ. ಈ ಮುಕ್ತಾಯವನ್ನು ಮಾಮ್ ಅವರ ನಿಷ್ಠುರತೆಯ ಕುರುಹೆಂದು ಅನೇಕರು ಹೇಳಿದ್ದಾರೆ. ನನಗಾದರೊ, ದಾರಿದ್ರ್ಯವು ಪ್ರೀತಿಯನ್ನು ಯಾವ ಮಟ್ಟಕ್ಕೆ ತಂದು ನಿಲ್ಲಿಸಬಲ್ಲುದೆಂಬುದನ್ನು ಕಂಡ ವೈದ್ಯನ ಕಣ್ಣು ಅಲ್ಲಿ ಕಾಣುತ್ತದೆ. ಆಕೆಯ ಮೇಲೆ ತೀರ್ಪು ಕೊಡಲು ಲೇಖಕನಿಗೆ ಮನಸ್ಸಿಲ್ಲ.

ಇದೇ ಕಥೆಯಲ್ಲಿ ಇನ್ನೊಂದು ಸಂದರ್ಭವಿದೆ. ಬ್ರಿಟಿಷ್ ಅಧಿಕಾರವನ್ನೆಲ್ಲ ಹೆಚ್ಚುಕಡಿಮೆ ಒಬ್ಬಂಟಿಗನಾಗಿ ಎದುರಿಸಲು ನಿಂತ ಮನುಷ್ಯನ ಧೈರ್ಯಕ್ಕೆ ತಾನು ಮಾರುಹೋಗದಿರಲಾರೆನೆಂದು ಆಶೆಂಡೆನ್ ತನ್ನ ಯಜಮಾನನ ಮುಂದೆಯೇ ಹೇಳುತ್ತಾನೆ. ಯಜಮಾನನಿಗೆ ಅದು ರುಚಿಸುವುದಿಲ್ಲ. 1928ರಲ್ಲಿ, ಸಾಮ್ರಾಜ್ಯವು ಇನ್ನೂ ಗಟ್ಟಿಯಾಗಿ ನಿಂತಿದ್ದ ಹೊತ್ತಿನಲ್ಲಿ, ಇಂಗ್ಲಿಷ್ ಓದುಗರ ಕೈಗೆ ಆ ಮಾತನ್ನು ಕೊಟ್ಟ ಲೇಖಕನನ್ನು ನಾವು ಗೌರವಿಸಬೇಕಾಗಿದೆ. (ಅದೇ ಮಾಮ್ ಅವರು 1938ರಲ್ಲಿ ದಕ್ಷಿಣ ಭಾರತಕ್ಕೆ ಬಂದು ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳನ್ನು ಕಂಡರು; ಮುಂದೆ 1944ರಲ್ಲಿ ಬಂದ ಅವರ ‘ದಿ ರೇಜರ್ಸ್ ಎಡ್ಜ್’ ಕಾದಂಬರಿಯ ಹೆಸರು ಕಠೋಪನಿಷತ್ತಿನಿಂದ ಬಂದುದು. ಆ ಪುಸ್ತಕವನ್ನು ನಮ್ಮವರು ಬಲ್ಲರು. ಇದನ್ನು ಅಷ್ಟಾಗಿ ಅರಿಯರು.)

ಚಂದ್ರಲಾಲನ ಪಾತ್ರಕ್ಕೆ ಮಾದರಿಯಾದವರು ವೀರೇಂದ್ರನಾಥ ಚಟ್ಟೋಪಾಧ್ಯಾಯರೆಂಬುದು ವಿದ್ವಾಂಸರಲ್ಲಿ ಸಾಮಾನ್ಯವಾಗಿ ಅಂಗೀಕೃತವಾದ ಅಭಿಪ್ರಾಯ. ಹೈದರಾಬಾದಿನ ನಿಜಾಮ್ ಕಾಲೇಜಿನ ಅಘೋರನಾಥ ಚಟ್ಟೋಪಾಧ್ಯಾಯರ ಮಗ, ಸರೋಜಿನಿ ನಾಯ್ಡು ಅವರ ತಮ್ಮ. 1880ರಲ್ಲಿ ಹುಟ್ಟಿ, ಐ.ಸಿ.ಎಸ್. ಪರೀಕ್ಷೆಗೆಂದು ಇಂಗ್ಲೆಂಡಿಗೆ ಹೋದವರು, ಶ್ಯಾಮಜಿ ಕೃಷ್ಣವರ್ಮರ ಇಂಡಿಯಾ ಹೌಸಿನ ಬಳಗವನ್ನು ಸೇರಿ, 1910ರಲ್ಲಿ ಪ್ಯಾರಿಸಿಗೆ ತಪ್ಪಿಸಿಕೊಂಡು, 1914ರಲ್ಲಿ ಬರ್ಲಿನ್ನನ್ನು ಮುಟ್ಟಿ, ಅಲ್ಲಿಯ ಭಾರತೀಯ ಸ್ವಾತಂತ್ರ್ಯ ಸಮಿತಿಯ ಮುಂದಾಳುಗಳಲ್ಲಿ ಒಬ್ಬರಾದರು. 1915ರಲ್ಲಿ ಬ್ರಿಟಿಷ್ ಗೂಢಚಾರನೊಬ್ಬನು ಅವರನ್ನು ಸ್ವಿಟ್ಜರ್ಲೆಂಡಿನಿಂದ ಗಡಿಯಾಚೆಗೆ ಸೆಳೆಯಲು ಯತ್ನಿಸಿದನು; ಯತ್ನವು ಫಲಿಸಲಿಲ್ಲ. ವಾಸ್ತವದಲ್ಲಿ ನೀರನ್ನು ದಾಟದೆ ಉಳಿದ ಮನುಷ್ಯನನ್ನು ಕಾದಂಬರಿಕಾರರು ದಾಟಿಸಿದರು.

ಈ ವೀರೇಂದ್ರನಾಥರಿಗೂ ಕನ್ನಡನಾಡಿಗೂ ಬಾಂಧವ್ಯವುಂಟು. ಅವರ ಕಿರಿಯ ಸಹೋದರ, ಕವಿ ಹರೀಂದ್ರನಾಥರ ಕೈಹಿಡಿದವರು 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ. ಬಾಲವಿಧವೆಯಾಗಿದ್ದ ಆ ಸಾರಸ್ವತ ಕುಮಾರಿ ಲೋಕಾಪವಾದಕ್ಕೆ ಅಂಜದೆ ಬಂಗಾಳಿ ಮನೆತನದ ಸೊಸೆಯಾದುದೂ, ಉಪ್ಪಿನ ಸತ್ಯಾಗ್ರಹದಲ್ಲಿ ಮುಂದಾಳಾಗಿ ಸೆರೆಮನೆ ಕಂಡುದೂ, ಸ್ವಾತಂತ್ರ್ಯಾನಂತರ ದೇಶದ ಕರಕುಶಲ ಕಲೆಗಳಿಗೆ ಮರುಜೀವ ಕೊಟ್ಟುದೂ ಎಲ್ಲರಿಗೂ ತಿಳಿದ ಸಂಗತಿಗಳು. ಅಷ್ಟಾಗಿ ತಿಳಿಯದಿರುವುದು, ಮೋಹನ ಭವನಾನಿಯವರು ಶೂದ್ರಕನ ಮೃಚ್ಛಕಟಿಕವನ್ನು ಕನ್ನಡನಾಡಿನಲ್ಲಿ ಮೂಕಚಿತ್ರವಾಗಿ ತೆಗೆದಾಗ ಟಿ. ಪಿ. ಕೈಲಾಸಂ ಅವರೊಡನೆ ಕಮಲಾದೇವಿಯವರೂ ಅದರಲ್ಲಿ ನಟಿಸಿದರೆಂಬುದು. ಕುಲೀನ ಸ್ತ್ರೀಯರು ತೆರೆಯ ಮೇಲೆ ಕಾಣಿಸಿಕೊಳ್ಳುವುದನ್ನು ಸಮಾಜವು ಕ್ಷಮಿಸದಿದ್ದ ಕಾಲವದು. ಸೊಸೆಯು ಮೈಸೂರು ಸೀಮೆಯಲ್ಲಿ ಚಿತ್ರಸಾಹಸವನ್ನು ಕೈಗೊಂಡಳು. ಭಾವನ ಬದುಕಿನಿಂದ ಹುಟ್ಟಿದ ಪಾತ್ರವಾದರೊ, ಕೆಲವೇ ವರ್ಷಗಳ ಮೇಲೆ, ಲಂಡನ್ನಿನ ತೆರೆಯ ಅಂಚಿನವರೆಗೆ ಬಂದು ಹೊರಗೇ ಉಳಿಯಿತು.

ಈಗ ಆ ಚಿತ್ರದ ವಿಷಯ. ಆಲ್ಫ್ರೆಡ್ ಹಿಚ್‌ಕಾಕ್ ಅವರು 1935ರಲ್ಲಿ ಬಕನ್ ಅವರ ಕಾದಂಬರಿಯನ್ನು ಚಿತ್ರಿಸಿ ಗೆದ್ದ ಬೆನ್ನಿನಲ್ಲಿಯೇ, ಗೋಮಾಂಟ್ ಬ್ರಿಟಿಷ್ ಸಂಸ್ಥೆಗಾಗಿ 1936ರಲ್ಲಿ ‘ಆಶೆಂಡೆನ್’ ಅನ್ನು ‘ಸೀಕ್ರೆಟ್ ಏಜೆಂಟ್’ ಎಂಬ ಹೆಸರಿನಲ್ಲಿ ತೆರೆಗೆ ತಂದರು. ಹೆಸರನ್ನು ಕೇಳಿ ಕಾನ್ರಾಡರ ಕಾದಂಬರಿಯೆಂದು ಭ್ರಮಿಸಬಾರದು. ಅದನ್ನೂ ಅದೇ ವರ್ಷವೇ ಅವರು ‘ಸಾಬೊಟಾಜ್’ ಎಂದು ಬೇರೆಯಾಗಿ ತೆಗೆದರು. ಪುಸ್ತಕದಿಂದ ನೇರವಾಗಿ ಬಂದ ಚಿತ್ರವೂ ಇದಲ್ಲ. ಕ್ಯಾಂಪ್‌ಬೆಲ್ ಡಿಕ್ಸನ್ ಎಂಬುವರು ಆ ಕಥೆಗಳಿಂದ ಹೆಣೆದಿದ್ದ ನಾಟಕವೊಂದು ನಡುವೆ ನಿಂತಿದೆ. ಅದನ್ನು ಚಾರ್ಲ್ಸ್ ಬೆನೆಟ್ ಚಿತ್ರಕಥೆಯಾಗಿಸಿದರು. ಇದು ನಮಗೆ ಅಪರಿಚಿತವಾದ ಹಾದಿಯಲ್ಲ. ಕನ್ನಡದ ಮೊದಲ ವಾಕ್ಚಿತ್ರಗಳೆಲ್ಲ ಹೆಚ್ಚಾಗಿ ರಂಗದ ಬಾಗಿಲಿನಿಂದಲೇ ಬಂದುವು. 1934ರ ‘ಸತಿ ಸುಲೋಚನ’ಕ್ಕೆ ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು, ಬೆಳ್ಳಾವಿಯು ಈ ಬೆಟ್ಟಕ್ಕೆ ದೂರವಲ್ಲ. 1935ರಲ್ಲಿ ಗುಬ್ಬಿಯ ವೀರಣ್ಣನವರ ‘ಸದಾರಮೆ’ ತೆರೆಗೇರಿತು. ಆಶೆಂಡೆನ್ ತೆರೆಗೇರಿದ 1936ರಲ್ಲಿ ಎಚ್. ಎಲ್. ಎನ್. ಸಿಂಹ ಅವರ ‘ಸಂಸಾರ ನೌಕ’ ಬಂದಿತು.

ಚಿತ್ರವು 1916ರಲ್ಲಿ, ಲಂಡನ್ನಿನ ಒಂದು ಮನೆಯ ಶವಸಂಸ್ಕಾರದಿಂದ ಆರಂಭವಾಗುತ್ತದೆ. ಬಂದವರೆಲ್ಲ ಹೊರಟುಹೋದ ಮೇಲೆ ಒಂದೇ ತೋಳಿನ ಸೇವಕನೊಬ್ಬನು ಶವಪೆಟ್ಟಿಗೆಯನ್ನು ಎಳೆಯುತ್ತಾನೆ, ಅದು ಬರಿದು. ಬ್ರೋಡಿ ಎಂಬ ಕಾದಂಬರಿಕಾರ ಸೈನಿಕನನ್ನು ಸತ್ತವನೆಂದು ಪತ್ರಿಕೆಗಳಲ್ಲಿ ಸಾರಿ, ಆಶೆಂಡೆನ್ ಎಂಬ ಹೊಸ ಹೆಸರು ಕೊಟ್ಟು, ಶತ್ರುವಿನ ಗೂಢಚಾರನೊಬ್ಬನನ್ನು ಗುರುತಿಸಿ ಕೊಲ್ಲುವುದಕ್ಕೆ ಸ್ವಿಟ್ಜರ್ಲೆಂಡಿಗೆ ಕಳುಹಿಸಲಾಗಿದೆ. ಆಶೆಂಡೆನ್ ಆಗಿ ನಟಿಸಿದವರು ಜಾನ್ ಗೀಲ್ಗುಡ್. ಅವರು ಆ ದಿನಗಳಲ್ಲಿ ರಾತ್ರಿ ಲಂಡನ್ನಿನ ರಂಗದ ಮೇಲೆ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕವನ್ನಾಡಿ, ಹಗಲಿನಲ್ಲಿ ಈ ಚಿತ್ರಕ್ಕೆ ಬರುತ್ತಿದ್ದರು. ಆಶೆಂಡೆನ್ನನ ಹೆಂಡತಿಯಂತೆ ತೋರಿಸಿಕೊಳ್ಳುವ ಎಲ್ಸಾಳ ಪಾತ್ರದಲ್ಲಿ ಮ್ಯಾಡೆಲೀನ್ ಕ್ಯಾರಲ್. ಕೊಲೆಯ ಕೆಲಸಕ್ಕೆ ಜೊತೆಯಾಗುವ ‘ಜನರಲ್’ ಪಾತ್ರದಲ್ಲಿ ಪೀಟರ್ ಲೊರೆ — ಜರ್ಮನಿಯಲ್ಲಿ ಹಿಟ್ಲರನು ಪ್ರಬಲನಾದೊಡನೆ 1933ರಲ್ಲಿ ಆ ದೇಶವನ್ನು ಬಿಟ್ಟು ಬಂದ ಮಹಾನಟ. ಹಣಕ್ಕಾಗಿ ಪ್ರಾಣದ ಹಂಗನ್ನು ತೊರೆದು ಆನೆಯನ್ನಾಗಲಿ ಕ್ರೂರಮೃಗವನ್ನಾಗಲಿ ಎದುರಿಸುವವನನ್ನು ಕೌಟಿಲ್ಯನು ತೀಕ್ಷ್ಣನೆಂದು ಕರೆಯುತ್ತಾನೆ. ಲೊರೆ ಅವರ ನಗುವನ್ನು ಕಂಡವರಿಗೆ ಆ ಲಕ್ಷಣದ ಅರ್ಥವು ವ್ಯಾಖ್ಯಾನವಿಲ್ಲದೆಯೇ ಹೊಳೆಯುತ್ತದೆ.

ರೂಪಾಂತರಕಾರರ ಕೌಶಲವು ಎಲ್ಲಿದೆಯೆಂಬುದನ್ನು ಕೊಂಚ ನಿಧಾನವಾಗಿ ನೋಡೋಣ. ಪುಸ್ತಕದಲ್ಲಿ ‘ದಿ ಹೇರ್‌ಲೆಸ್ ಮೆಕ್ಸಿಕನ್’ ಎಂಬ ಕಥೆಯುಂಟು. ಅದರಲ್ಲಿ ಬಾಡಿಗೆಯ ಕೊಲೆಗಾರನು ನೇಪಲ್ಸಿನಲ್ಲಿ ಗ್ರೀಕನೊಬ್ಬನನ್ನು ಕೊಲ್ಲಬೇಕಾಗಿದ್ದು ಬೇರೆ ಯಾರನ್ನೋ ಕೊಂದಿರುತ್ತಾನೆ. ತಂತಿಯ ಸಂಕೇತವನ್ನು ಬಿಡಿಸಿದಾಗ, ಕೊಲ್ಲಬೇಕಾದವನು ಹಡಗನ್ನೇ ಹತ್ತಿರಲಿಲ್ಲವೆಂದು ತಿಳಿಯುತ್ತದೆ. ಇನ್ನೊಂದು ಕಥೆ ‘ದಿ ಟ್ರೇಟರ್’; ಅದರಲ್ಲಿ ಕೇಪೋರ್ ಎಂಬ ಇಂಗ್ಲಿಷಿನವನು ನಿಜವಾಗಿಯೂ ದೇಶದ್ರೋಹಿ, ಅವನ ಹೆಂಡತಿ ಜರ್ಮನ್ ಹೆಣ್ಣು, ಅವರಿಗೊಂದು ಮುದ್ದಿನ ನಾಯಿ. ಅವನನ್ನು ಉಪಾಯದಿಂದ ಇಂಗ್ಲೆಂಡಿಗೆ ಕಳುಹಿಸಿ ಅಲ್ಲಿ ಮರಣದಂಡನೆಗೆ ಒಪ್ಪಿಸುತ್ತಾರೆ. ಗಂಡನಿಂದ ಪತ್ರ ಬಾರದಿರಲು ಹೆಂಡತಿಗೆ ನಿಜವು ಹೊಳೆಯುತ್ತದೆ, ನಾಯಿಯು ತಲೆಯೆತ್ತಿ ಗೋಳಿಡುತ್ತದೆ. ಚಿತ್ರವು ಈ ಎರಡು ಕಥೆಗಳನ್ನು ಬೆಸೆದು, ದ್ರೋಹಿಯಾದ ಕೇಪೋರನನ್ನೇ ನಿರಪರಾಧಿಯನ್ನಾಗಿ ಮಾಡಿಬಿಟ್ಟಿತು. ಒಂದು ಗುಂಡಿಯ ಸಾಕ್ಷ್ಯವನ್ನು ನಂಬಿ, ಮುದಿ ದಂಪತಿಗಳಲ್ಲಿ ಗಂಡನಾದ ಅವನೇ ಶತ್ರುವೆಂದು ತೀರ್ಮಾನಿಸಿ, ಪಂದ್ಯದ ನೆವದಿಂದ ಬೆಟ್ಟಕ್ಕೆ ಕರೆದೊಯ್ಯುತ್ತಾರೆ. ಕೊಲೆಗೆ ಮನಸ್ಸೊಪ್ಪದ ಆಶೆಂಡೆನ್ ಅರ್ಧದಾರಿಯಲ್ಲಿ ನಿಂತು, ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುತ್ತಾನೆ. ಕೊಳವೆಯ ದುಂಡಗಿನ ಚೌಕಟ್ಟಿನಲ್ಲಿ ಪ್ರಪಾತದಂಚಿನ ಎರಡು ಸಣ್ಣ ಆಕೃತಿಗಳು. ಇತ್ತ ಹೋಟಲಿನ ಕೋಣೆಯಲ್ಲಿ ಎಲ್ಸಾಳೊಡನೆ ಕೇಪೋರನ ಹೆಂಡತಿ ಹರಟುತ್ತಿದ್ದಾಳೆ; ನಾಯಿಯು ಬಾಗಿಲನ್ನು ಕೆರೆಯತೊಡಗುತ್ತದೆ. ತಳ್ಳಿದ ಕ್ಷಣದಲ್ಲಿ ಅದು ಊಳಿಡುತ್ತದೆ.

ಈ ಬೆಟ್ಟದ ಕಡಿದಾದ ಬಂಡೆಗಳ ಅಂಚಿನಲ್ಲಿ ನಿಂತವರಿಗೆ ಆ ದೃಶ್ಯದ ಭೀಕರತೆಯನ್ನು ನಾನು ವಿವರಿಸಬೇಕಾಗಿಲ್ಲ. ಮಾಮ್ ಅವರ ಪುಸ್ತಕದಲ್ಲಿ ಸಾವು ಮರೆಯಲ್ಲಿ ನಡೆಯುತ್ತದೆ. ನಾಯಿಯ ಗೋಳು ಸುದ್ದಿಯ ಪ್ರತಿಧ್ವನಿಯಂತೆ ತಡವಾಗಿ ಬರುತ್ತದೆ. ಚಿತ್ರವು ಕೊಲೆಯನ್ನೂ ಗೋಳನ್ನೂ ಏಕಕಾಲಕ್ಕೆ ತಂದು, ನೋಡುವವನನ್ನೇ ಅಪರಾಧದ ಪಾಲುಗಾರನನ್ನಾಗಿ ಮಾಡುತ್ತದೆ. ಕೈಯಿಂದ ಮುಟ್ಟದೆ, ಆದರೆ ತಡೆಯಲೂ ಇಲ್ಲದೆ, ದೂರದರ್ಶಕದಲ್ಲಿ ಕೊಲೆಯನ್ನು ಕಂಡ ಆಶೆಂಡೆನ್ನನೇ ಚಿತ್ರಮಂದಿರದಲ್ಲಿ ಕುಳಿತ ನಾವು. ಇದು ಮೂಲಕ್ಕೆ ಮಾಡಿದ ದ್ರೋಹವೆಂದು ನಾನು ಭಾವಿಸುವುದಿಲ್ಲ. ಅಕ್ಷರದಲ್ಲಿ ಬೇರೆಯಾಗಿ ಆಶಯದಲ್ಲಿ ಮೂಲವನ್ನು ಮುಟ್ಟಿದ ರೂಪಾಂತರವಿದು. ಇನ್ನುಳಿದಂತೆ ಹಳ್ಳಿಯ ದೇವಾಲಯದಲ್ಲಿ ಕೊಲೆಯಾದ ವಾದಕನ ದೇಹವು ಆರ್ಗನ್ನಿನ ಮೇಲೆ ಕುಸಿದು ಒಂದೇ ಸ್ವರವು ನಿಲ್ಲದೆ ಮೊಳಗುವ ದೃಶ್ಯವೂ, ಚಾಕೊಲೇಟ್ ಕಾರ್ಖಾನೆಯೇ ಗೂಢಚಾರರ ಅಂಚೆಮನೆಯಾಗಿರುವ ಕಲ್ಪನೆಯೂ ಚೆನ್ನಾಗಿವೆ. ಕಡೆಯ ರೈಲಿನ ಬಾಂಬುದಾಳಿಯೂ ನಿಜವಾದ ಶತ್ರುವಾದ ಮಾರ್ವಿನ್ನನ ಸಾವೂ ಕಥೆಯನ್ನು ಮುಗಿಸಲೇಬೇಕಾದ ಅವಸರದಲ್ಲಿ ಬಂದುವು. ಅವುಗಳ ಮೇಲೆ ಹೆಚ್ಚು ಹೇಳತಕ್ಕುದಿಲ್ಲ.

ಹಿಚ್‌ಕಾಕ್ ಅವರಿಗೆ ಸ್ವತಃ ಈ ಚಿತ್ರದ ಬಗೆಗೆ ತೃಪ್ತಿಯಿರಲಿಲ್ಲ. ಮುಂದೆ ಫ್ರಾನ್ಸಿನ ನಿರ್ದೇಶಕ ತ್ರುಫೋ ಅವರೊಡನೆ ನಡೆಸಿದ ದೀರ್ಘ ಸಂವಾದದಲ್ಲಿ, ಮಾಡಬೇಕಾದ ಕೆಲಸವೇ ನಾಯಕನಿಗೆ ಅಸಹ್ಯವಾಗಿರುವುದರಿಂದ ಕಥೆಯು ಮುಂದಕ್ಕೆ ಚಲಿಸುವುದಿಲ್ಲವೆಂದು ಅವರು ಕಾರಣ ಕೊಟ್ಟರು. ಸಾಹಸಚಿತ್ರದ ಸೂತ್ರದಿಂದ ಅಳೆದರೆ ಅವರ ಮಾತು ಸರಿ. ಆದರೆ ಆ ಅಸಹ್ಯವೇ ಮಾಮ್ ಅವರ ಪುಸ್ತಕದ ಪ್ರಾಣವಾದುದರಿಂದ, ನಿರ್ದೇಶಕರು ದೋಷವೆಂದು ಕಂಡುದನ್ನು ನಾನು ಚಿತ್ರದ ಸತ್ಯವೆಂದು ಎಣಿಸುತ್ತೇನೆ. ಕ್ಷಿಪ್ರವಾಗಿ ಓಡಿ ಗೆಲ್ಲುವ ‘ಥರ್ಟಿನೈನ್ ಸ್ಟೆಪ್ಸ್’ಗಿಂತ ತಡವರಿಸಿ ನಿಲ್ಲುವ ಈ ಚಿತ್ರವು ನನ್ನ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿದಿದೆ.

ಇಷ್ಟನ್ನು ಹೇಳಿದ ಮೇಲೆ, ಚಿತ್ರವು ಮಾಡದೆ ಬಿಟ್ಟುದನ್ನು ಹೇಳುವುದು ನನ್ನ ಕರ್ತವ್ಯ. ಮೆಕ್ಸಿಕನನ ಕಥೆಯೂ ದ್ರೋಹಿಯ ಕಥೆಯೂ ತೆರೆಗೆ ಬಂದುವು, ಚಂದ್ರಲಾಲ್ ಬರಲಿಲ್ಲ. ಪುಸ್ತಕದಲ್ಲಿ ಶತ್ರುವಾಗಿದ್ದೂ ಗೌರವಕ್ಕೆ ಪಾತ್ರನಾದ ಏಕೈಕ ಪುರುಷ, ಆಶೆಂಡೆನ್ನನ ಅಂತಃಕರಣವನ್ನು ಕದಲಿಸಿದ ಮನುಷ್ಯ, ಪೂರ್ತಿಯಾಗಿ ಅಳಿಸಿಹೋದನು. ಆ ಕಾಲದ ಇಂಗ್ಲೆಂಡಿನ ಚಿತ್ರಪರೀಕ್ಷಕ ಮಂಡಳಿಯು ರಾಜಕೀಯ ವಿವಾದದ ವಸ್ತುಗಳನ್ನು ತೆರೆಗೆ ಬಿಡಲು ಸಾಮಾನ್ಯವಾಗಿ ಒಪ್ಪುತ್ತಿರಲಿಲ್ಲ. ಭಾರತೀಯ ಕ್ರಾಂತಿಕಾರನೊಬ್ಬನು ಇಂಗ್ಲಿಷ್ ಪ್ರೇಕ್ಷಕರ ಕಣ್ಣೆದುರಿಗೆ ಘನತೆಯಿಂದ ಸಾಯುವುದು ಆ ವಾತಾವರಣದಲ್ಲಿ ಸುಲಭವಾದ ಮಾತಾಗಿರಲಾರದು. ಕಾರಣವು ಪರೀಕ್ಷಕರ ಭಯವೇ ಇರಲಿ, ನಾಟಕದ ಹೆಣಿಗೆಯ ಅನುಕೂಲವೇ ಇರಲಿ, ಫಲವೊಂದೇ: ಭಾರತದ ಮೇಲೆ ಕಣ್ಣಿಡಲು ಹುಟ್ಟಿದ ಕಚೇರಿಯ ಕಥೆಯಲ್ಲಿ ಭಾರತವೇ ಇಲ್ಲವಾಯಿತು. ಅದೇ 1936ರಲ್ಲಿ ಅದೇ ಲಂಡನ್ನಿನಲ್ಲಿ ಜವಾಹರಲಾಲ ನೆಹರೂ ಅವರ ಆತ್ಮಕಥೆಯು ಪ್ರಕಟವಾಯಿತು. ಅದರಲ್ಲಿ ಅವರು ಯೂರೋಪಿನಲ್ಲಿ ತಾವು ಕಂಡ ‘ಚಟ್ಟೋ’, ಎಂದರೆ ವೀರೇಂದ್ರನಾಥ, ಅವರ ಪ್ರತಿಭೆಯನ್ನೂ ಸರಸತೆಯನ್ನೂ, ಸವೆದ ಬಟ್ಟೆಯ ಬಡತನವನ್ನೂ ವಾತ್ಸಲ್ಯದಿಂದ ನೆನೆದಿದ್ದಾರೆ. ಪುಸ್ತಕವು ನೆನೆದವನನ್ನು ತೆರೆಯು ಮರೆಯಿತು.

ಚಂದ್ರಲಾಲನ ಕಥೆಯನ್ನು ಓದುವಾಗಲೆಲ್ಲ ನನಗೆ ವಿಶಾಖದತ್ತನ ಮುದ್ರಾರಾಕ್ಷಸವು ನೆನಪಾಗುತ್ತದೆ. ಅದನ್ನು ಕನ್ನಡದ ಗದ್ಯಕ್ಕೆ ತಂದವನು ಕೆಂಪುನಾರಾಯಣ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1823ರಲ್ಲಿ ರಚಿತವಾದ ‘ಮುದ್ರಾಮಂಜೂಷ’ವು ಹೊಸಗನ್ನಡ ಗದ್ಯದ ಹೆಬ್ಬಾಗಿಲಿನಲ್ಲಿ ನಿಂತಿರುವ ಕೃತಿ. ಎಂದರೆ, ನಮ್ಮ ಗದ್ಯವು ತಲೆಯೆತ್ತಿದ ಹೊತ್ತಿನಲ್ಲಿಯೇ ಗೂಢಚಾರಕಥೆಯ ರೂಪಾಂತರವೊಂದು ನಮ್ಮಲ್ಲಿ ನಡೆದಿತ್ತು. ಅದರಲ್ಲಿಯೂ ಗಾಳವು ಪ್ರೀತಿಯೇ. ಸೋತ ನಂದವಂಶಕ್ಕೆ ನಿಷ್ಠನಾಗಿ ಉಳಿದ ಅಮಾತ್ಯ ರಾಕ್ಷಸನನ್ನು ಯಾವ ಸೈನ್ಯದಿಂದಲೂ ಹಿಡಿಯಲಾಗದೆ, ಚಾಣಕ್ಯನು ಅವನ ಮಿತ್ರನಾದ ಚಂದನದಾಸನನ್ನು ವಧ್ಯಸ್ಥಾನಕ್ಕೆ ಕಳುಹಿಸುತ್ತಾನೆ. ಗೆಳೆಯನನ್ನು ಉಳಿಸಲು ರಾಕ್ಷಸನು ತಾನಾಗಿ ಬಂದು ಶರಣಾಗುತ್ತಾನೆ. ಉಪಾಯವು ‘ಆರ್’ ಹೂಡಿದ ಉಪಾಯಕ್ಕೆ ಸಮನಾದುದು. ಆದರೆ ಅನಂತರ ನಡೆಯುವುದು ಬೇರೆ. ಚಾಣಕ್ಯನು ಎದುರಾಳಿಯ ಸದ್ಗುಣವನ್ನು ಬಲೆಯಾಗಿ ಬಳಸಿದ ಮೇಲೆ ಆ ಸದ್ಗುಣಕ್ಕೆ ಬೆಲೆಯನ್ನೂ ಕೊಡುತ್ತಾನೆ: ಚಂದನದಾಸನು ಬದುಕುತ್ತಾನೆ, ರಾಕ್ಷಸನಿಗೆ ಚಂದ್ರಗುಪ್ತನ ಮಂತ್ರಿಪದವಿಯು ಬರುತ್ತದೆ. ತೊನೋಂ ದಡದಲ್ಲಿ ಬಲೆ ಬೀಸಿದವರು ಪ್ರೀತಿಯನ್ನು ಬಳಸಿಕೊಂಡರು, ಬೆಲೆಯನ್ನು ಕೊಡಲಿಲ್ಲ. ರಾಜ್ಯಕ್ಕೆ ಗೂಢಪುರುಷರು ಅನಿವಾರ್ಯರೆಂಬುದನ್ನು ನಾನು ಒಪ್ಪುತ್ತೇನೆ. ಶತ್ರುವಿನಲ್ಲಿ ಕಂಡ ಗುಣವನ್ನು ಗೆದ್ದ ಮೇಲೆ ಏನು ಮಾಡಿದರೆಂಬುದರಿಂದಲೇ ಒಂದು ರಾಜ್ಯದ ನೀತಿಯನ್ನು ಅಳೆಯತಕ್ಕುದೆಂದು ನನ್ನ ದೃಢವಾದ ನಂಬಿಕೆ. ಈ ಅಳತೆಯಲ್ಲಿ ಸಾಮ್ರಾಜ್ಯವು ಸೋತಿತೆಂದು ಮಾಮ್ ಅವರಿಗೆ ಗೊತ್ತಿತ್ತು.

ಕನ್ನಡದ ತೆರೆಯಲ್ಲಿ ಗೂಢಚಾರನು ಬಂದುದು 1968ರಲ್ಲಿ, ದೊರೆ–ಭಗವಾನ್ ಅವರ ‘ಜೇಡರ ಬಲೆ’ಯಲ್ಲಿ. ರಾಜಕುಮಾರ್ ಅವರ ಸಿ.ಐ.ಡಿ. 999 ಜನಮನವನ್ನು ಸೂರೆಗೊಂಡು, ಅದೇ ವರ್ಷ ಇನ್ನೊಂದು ಚಿತ್ರದಲ್ಲಿ ಗೋವೆಗೂ ಹೋಗಿ ಬಂದನು. ಇಯಾನ್ ಫ್ಲೆಮಿಂಗ್ ಅವರ ಬಾಂಡ್ ಸಂತತಿಗೆ ಸೇರಿದ ಆ ಚಿತ್ರಗಳಲ್ಲಿ ಉತ್ಸಾಹವುಂಟು, ಚುರುಕುಂಟು, ಸಂದೇಹಕ್ಕೆ ಎಡೆಯಿಲ್ಲ. ಸತ್ತವನು ತಪ್ಪಿತಸ್ಥನೋ ಅಲ್ಲವೋ ಎಂಬ ಪ್ರಶ್ನೆಯಿಂದ ನರಳುವ ಆಶೆಂಡೆನ್ ನಮ್ಮ ತೆರೆಗೆ ಬರಬೇಕಾಗಿದೆ.

ಬಿ.ಬಿ.ಸಿ.ಯವರು 1991ರಲ್ಲಿ ಈ ಪುಸ್ತಕವನ್ನು ನಾಲ್ಕು ಭಾಗಗಳ ದೂರದರ್ಶನ ಮಾಲಿಕೆಯಾಗಿ ಮಾಡಿದರು. ಜೂಲಿಯಾಳ ಪಾತ್ರಕ್ಕೂ ಅಲ್ಲಿ ಅವಕಾಶ ದೊರೆಯಿತು. ಅವರು ನೋಡಿದುದು ಸ್ವಾಭಾವಿಕವಾಗಿ ಆಶೆಂಡೆನ್ನನ ದಡದಿಂದ. ಎದುರು ದಡದಲ್ಲಿ, ಲೋಜಾನಿನ ಕೋಣೆಯಲ್ಲಿ, ಆ ಪತ್ರಗಳನ್ನು ಓದುತ್ತ ಹೋಗಬೇಕೋ ಬೇಡವೋ ಎಂದು ತೊಳಲುವ ಚಂದ್ರಲಾಲನ ರಾತ್ರಿಗಳನ್ನು ಮಾಮ್ ಅವರೂ ಬರೆಯಲಿಲ್ಲ, ಹಿಚ್‌ಕಾಕರೂ ತೆಗೆಯಲಿಲ್ಲ. ಅದನ್ನು ಬರೆಯಬೇಕಾದವರು ನಾವು. ವೀರೇಂದ್ರನಾಥರ ಕಡೆಯ ವರ್ಷಗಳು ಯಾವ ಕಾದಂಬರಿಗೂ ಕಡಮೆಯಲ್ಲ: ಬರ್ಲಿನ್ನಿನಲ್ಲಿ ಅಮೆರಿಕದ ಲೇಖಕಿ ಆಗ್ನೆಸ್ ಸ್ಮೆಡ್ಲಿಯೊಡನೆ ಕಳೆದ ಕಷ್ಟದ ದಾಂಪತ್ಯ, 1927ರ ಸಾಮ್ರಾಜ್ಯಶಾಹಿವಿರೋಧಿ ಸಂಘದ ದುಡಿಮೆ, ಅನಂತರ ಸೋವಿಯತ್ ದೇಶ, ಲೆನಿನ್‌ಗ್ರಾಡಿನ ಜನಾಂಗಶಾಸ್ತ್ರ ಸಂಸ್ಥೆಯಲ್ಲಿ ಪಾಂಡಿತ್ಯದ ಕೆಲಸ. ಬ್ರಿಟಿಷರ ಬಲೆಗೆ ಬೀಳದ ಆ ಮನುಷ್ಯನನ್ನು ಸ್ಟಾಲಿನ್ನನ ಪೊಲೀಸರು 1937ರ ಜುಲೈಯಲ್ಲಿ ಹಿಡಿದರು. ಸೆಪ್ಟೆಂಬರ್ 2ರಂದು ಗುಂಡಿಕ್ಕಿ ಕೊಂದರು. ‘ಸೀಕ್ರೆಟ್ ಏಜೆಂಟ್’ ತೆರೆಕಂಡು ಆಗ ಒಂದು ವರ್ಷವಷ್ಟೇ ಕಳೆದಿತ್ತು.

ಗುಬ್ಬಿಯ ರಂಗಪರಂಪರೆಗೆ ವಾರಸುದಾರರಾದ ಈ ಜಿಲ್ಲೆಯ ತರುಣ ನಾಟಕಕಾರರಲ್ಲಿಯೂ ಚಿತ್ರಕಾರರಲ್ಲಿಯೂ ನನ್ನದೊಂದು ವಿಜ್ಞಾಪನೆ. ‘ಜೂಲಿಯಾ ಲಾಜಾರಿ’ಯನ್ನು ಮೊದಲು ಕನ್ನಡಕ್ಕೆ ತನ್ನಿ, ಅನಂತರ ಅದನ್ನು ಚಂದ್ರಲಾಲನ ದಡದಿಂದ ರಂಗಕ್ಕೆ ಕಟ್ಟಿ, ಕಮಲಾದೇವಿಯವರ ಮನೆತನದ ಕಥೆಯನ್ನು ಅದರೊಡನೆ ಹೆಣೆಯಿರಿ. ಮಾಮ್ ಅವರು ತೀರಿಕೊಂಡುದು 1965ರಲ್ಲಿ. ಲೇಖಕನು ತೀರಿದ ಮೇಲೆ 60 ವರ್ಷಗಳೆಂಬ ನಮ್ಮ ದೇಶದ ಕೃತಿಸ್ವಾಮ್ಯದ ಅವಧಿಯು ಅವರ ಪಾಲಿಗೆ 2025ರ ಕೊನೆಯ ದಿನಕ್ಕೆ ಮುಗಿಯತಕ್ಕುದಾದುದರಿಂದ, ಆ ಬಳಿಕ ಈ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಕಾಗುವುದಿಲ್ಲ.